ಮಾವನ ಪೆಟ್ಟಿಗೆಯ ಗುಂಯ್

ತಂಗವೇಲ್ ಆ ಮಾತನ್ನು ಹೇಳದೇ ಇದ್ದಿದ್ದರೆ ಪ್ರಭಾಕರನ್ ಮಾರನೆಯ ದಿನ ರಜೆ ಹಾಕುತ್ತಿರಲಿಲ್ಲ. ರಜೆ ಹಾಕದೇ ಇದ್ದಿದ್ದರೆ ತಮಿಳುನಾಡಿನ ಉತ್ತಮಪಾಳಯದ ಆ ಕನ್ನಡ ಮಾತಿನ ಬೀದಿಯಲ್ಲಿ ಎಲ್ಲರೂ ಇನ್ನಷ್ಟು ವರ್ಷ ಮೊದಲಿನ ಹಾಗೇ ಇರುತ್ತಿದ್ದರು.

ಹೇಳಿದ್ದು ದೊಡ್ಡ ಮಾತೇನಲ್ಲ. ಸಂಜೆ ಗೆಳೆಯರಿಬ್ಬರೂ ಪ್ರಭಾಕರನ್‌ನ ಜಗಲಿಯ ಮೇಲೆ ಕೂತಿದ್ದರು. ಎರಡು ಮನೆ ಆಚೆ ಪ್ರಭಾಕರನ್‌ನ ಮಾವ ಆಂಡಿ ತಮ್ಮ ಹಳೆಯ ಆಂಪ್ಲಿಫೈಯರ್ ಪೆಟ್ಟಿಗೆ ಹಾಕಿದರು. ಹಾಡು ಶುರುವಾಗುವ ಮೊದಲೇ ‘ಗುಂಯ್’ ಎಂಬ ಸದ್ದು ಬೀದಿಗೆ ಬಂತು, ಹಿತ್ತಾಳೆ ಕೊಡದೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ. ಹಾಡು ಬಂದ ಮೇಲೂ ಅದು ಹೋಗಲಿಲ್ಲ. ಕರೆಯದೆ ಬಂದ ನೆಂಟನಂತೆ ಮುಂದಿನ ಸಾಲಿನಲ್ಲೇ ಕೂತಿತ್ತು.

“ಅದು ಬರೀ ಕಂಡೆನ್ಸರ್ ವಿಷ್ಯ ಮಚ್ಚಾನ್,” ಎಂದ ತಂಗವೇಲ್. ಅವನು ನೂಲಿನ ಮಿಲ್ಲಿನಲ್ಲಿ ವೈರ್‌ಮ್ಯಾನ್. “ಕರೆಂಟು ಅಲೆ ಅಲೆಯಾಗಿ ಬತ್ತದೆ. ಅದನ್ನ ಸಮ ಮಾಡಕೆ ಒಳಗೆ ಎರಡು ಡಬ್ಬಿ ಇರ್ತವೆ. ವಯಸ್ಸಾದ್ರೆ ಒಣಗೋಗ್ತವೆ. ಆ ಅಲೆನೇ ಗುಂಯ್ ಅನ್ನದು. ಎರಡನ್ನೂ ಕಿತ್ತು ಒಸದು ಆಕಿದ್ರೆ ಮುಗೀತು.”

“ಮಾವಂಗೆ ಸಂತೋಸ ಆಯ್ತದಾ?”

“ತಬ್ಕಂಡು ಅಳ್ತಾರೆ.”

ಈ ಕೊನೆಯ ಮಾತೇ ಪ್ರಭಾಕರನ್‌ನನ್ನು ಕೆಡಿಸಿತು. ಮಾವನಿಗೆ ತನ್ನ ಮೇಲೆ ಮುನಿಸಿದೆ ಎನ್ನುವುದು ಅವನಿಗೆ ಮೂರ್ನಾಲ್ಕು ವರ್ಷದ ಹುಣ್ಣು. ಆಂಡಿ ಎಂದರೆ ಕಂಬಂ ಕಣಿವೆಗೆಲ್ಲ ‘ಮೈಕ್ ಸೆಟ್ ಆಂಡಿ’. ಬೋಡಿಮೆಟ್ಟಿನ ಏಲಕ್ಕಿ ತೋಟದ ಮದುವೆಯಾಗಲಿ, ಕಂಬಂ ಊರಿನ ಗೃಹಪ್ರವೇಶವಾಗಲಿ, ಅವರ ಪೆಟ್ಟಿಗೆ ಬಂದು ಹಾಡಿದ ಮೇಲೆಯೇ ಅಡುಗೆಯವರು ಒಲೆ ಹಚ್ಚುತ್ತಿದ್ದರು. ಅಂಥವರ ಅಳಿಯ ತನ್ನ ಮಗಳು ಅಮುದಾಳ ಕಿವಿ ಚುಚ್ಚುವ ಶಾಸ್ತ್ರಕ್ಕೆ, ಗೆಳೆಯನೊಬ್ಬನ ದಾಕ್ಷಿಣ್ಯಕ್ಕೆ ಬಿದ್ದು, ಚಿನ್ನಮನೂರಿನಿಂದ ಬೇರೆ ಸೆಟ್ ತರಿಸಿಬಿಟ್ಟ. ಮಾವ ಅವತ್ತು ಏನೂ ಅನ್ನಲಿಲ್ಲ. ಉಂಡು ಕೈ ತೊಳೆದು ಹೋದರು. ಆಮೇಲೆಯೂ ಏನೂ ಅನ್ನಲಿಲ್ಲ. “ಮಾವ, ಊಟ ಆಯ್ತಾ” ಎಂದರೆ ಗೋಡೆ ನೋಡುವರು. “ಮಾವ, ಪೇಪರ್ ಬೇಕಾ” ಎಂದರೆ ತೆಂಗಿನ ಮರ ನೋಡುವರು. ಪಕ್ಕದಲ್ಲಿದ್ದ ಅತ್ತೆ ಕರುಪ್ಪಾಯಿಯೇ ಗಂಡನ ಮೊಣಕೈ ಮುಟ್ಟಿ, “ಆಯ್ತು ಅಂತಾರೆ”, “ಬ್ಯಾಡ ಅಂತಾರೆ” ಎಂದು ವಕೀಲಿಕೆ ಮಾಡುವಳು.

ಒಂದು ಪೊಂಗಲ್ ದಿನ ಅವನು ಧೈರ್ಯ ಮಾಡಿ, ಮಾವನ ಎದುರು ತಲೆ ಬಗ್ಗಿಸಿ ನಿಂತು, ಕಿವಿ ಚುಚ್ಚಿದ ದಿನದಿಂದ ಹಿಡಿದು ಎಲ್ಲ ತಪ್ಪನ್ನೂ ಒಪ್ಪಿಕೊಂಡು ಕ್ಷಮೆ ಕೇಳಿದ್ದ. ಅರ್ಧ ಹೇಳುವಷ್ಟರಲ್ಲಿ ಮಾವ ಎದ್ದು ಬಚ್ಚಲಿಗೆ ಹೋದರು. ಉಳಿದರ್ಧವನ್ನು ಅವನು ಖಾಲಿ ಕುರ್ಚಿಗೆ ಹೇಳಿ ಮುಗಿಸಿದ. ಆ ಅವಮಾನ ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಉಳಿದಿತ್ತು.

ಮಾರನೆಯ ದಿನ ಅತ್ತೆ ಮಾವ ವೇದಸಂದೂರಿಗೆ ನೆಂಟರ ಮನೆಗೆ ಹೊರಟಿದ್ದರು. ಬರುವುದು ದೀಪ ಹಚ್ಚುವ ಹೊತ್ತಿಗೆ. ಎಮ್ಮೆಗೆ ನೀರು ತೋರಿಸಲು ಬೀಗದ ಕೈಯನ್ನು ಮಗಳು, ಪ್ರಭಾಕರನ್‌ನ ಹೆಂಡತಿ ಜೆಯಂತಿಯ ಕೈಗೆ ಕೊಟ್ಟಿದ್ದರು.

“ಏನುಂಗ, ಅಪ್ಪನ ಪೆಟ್ಟಿಗೆ ಮುಟ್ಬೇಡಿ,” ಎಂದಳು ಜೆಯಂತಿ. “ಅದನ್ನ ಅವ್ವನೂ ಮುಟ್ಟದಿಲ್ಲ. ಧೂಳು ಕೂಡ ಅಪ್ಪನೇ ಒರಸ್ತಾರೆ.”

“ಒಳ್ಳೇದು ಮಾಡಕೆ ಓಗ್ತಿದೀನಿ. ಬೀಗದ ಕೈ ಕೊಡು.”

ಜೆಯಂತಿ ಬೀಗದ ಕೈ ಕೊಟ್ಟಳು. ಆಮೇಲೆ ತುಂಬ ದಿನ ಅವಳು, ನಾನು ಯಾಕೆ ಕೊಟ್ಟೆ, ಎಂದು ತನ್ನನ್ನೇ ಕೇಳಿಕೊಂಡಳು.

ಪ್ರಭಾಕರನ್‌ಗೆ ಟೆಲಿಫೋನ್ ಕಚೇರಿಯಲ್ಲಿ ಕೆಲಸ. ಕೆಟ್ಟ ಫೋನುಗಳ ದೂರು ಕೇಳಿ ಬರೆದುಕೊಳ್ಳುವುದಷ್ಟೇ ಅವನ ಪಾಲು. ರಿಪೇರಿ ಮಾಡುವವರು ಬೇರೆ. ಆದರೆ ಬೀದಿಯವರ ಕಣ್ಣಿಗೆ ಅವನು ಅರ್ಧ ಎಂಜಿನಿಯರ್. ಅವನು ಮಾವನ ಮನೆಯ ನಡುಮನೆಯಲ್ಲಿ ಪೆಟ್ಟಿಗೆಯನ್ನು ಮಗುಚಿ ಹಾಕಿ ಸ್ಕ್ರೂ ತಿರುಗಿಸುವಷ್ಟರಲ್ಲಿ ಎದುರು ಮನೆಯ ಗೋವಿಂದಮ್ಮಾಳ್ ಬಾಗಿಲಿಗೆ ಬಂದು ನಿಂತಳು.

“ಪ್ರಭಾಕರಾ, ಆ ಗುಂಯ್‌ನ ತೆಗೆದ್ಬಿಡಪ್ಪ. ದಿನಾ ಸಾಯಂಕಾಲ ಅದು ನನ್ ಮಂಡೆ ಒಳಗೇ ಬಂದು ಕೂತ್ಕತದೆ.”

ಮಿಲ್ಲಿಗೆ ಹೊರಟಿದ್ದ ತಂಗವೇಲ್ ಸೋಲ್ಡರಿಂಗ್ ಐರನ್ ತಂದುಕೊಟ್ಟ. ಒಳಗೆ ಲೋಟದಷ್ಟು ದಪ್ಪದ ಎರಡು ಡಬ್ಬಿಗಳು ಅಕ್ಕಪಕ್ಕ ನಿಂತಿದ್ದವು, ನೆತ್ತಿ ಉಬ್ಬಿ, ಬುಡದಲ್ಲಿ ಅಂಟು ಒಸರಿ. “ಇವೇ ಕಳ್ಳರು,” ಎಂದ ತಂಗವೇಲ್. “ಪ್ಲಗ್ ಕಿತ್ತಿದ್ರೂ ಒಳಗೆ ಕರೆಂಟ್ ಇಟ್ಕಂಡಿರ್ತವೆ. ಕೀಳಕ್ ಮುಂಚೆ ಸ್ಕ್ರೂಡ್ರೈವರಿಂದ ಎರಡು ಕಾಲೂ ಸೇರ್ಸಿ ಇಳ್ಸಿಬಿಡು. ಎರಡಕ್ಕೂ ಮಾಡು.” ಇಷ್ಟು ಹೇಳಿ ಸೈಕಲ್ ಹತ್ತಿದ.

ಪ್ರಭಾಕರನ್ ಮೊದಲನೆಯದಕ್ಕೆ ಮಾಡಿದ. ‘ಛಟ್’ ಎಂದು ನೀಲಿ ಕಿಡಿ ಹಾರಿತು. ಗೋವಿಂದಮ್ಮಾಳ್ ಮುರುಗನ ಹೆಸರು ಹೇಳುತ್ತಾ ಬೀದಿಗಿಳಿದಳು. ಅವನು ಒಂದು ಲೋಟ ನೀರು ಗಟಗಟ ಕುಡಿದ. ಎರಡನೆಯದಕ್ಕೆ ಮಾಡುವ ಧೈರ್ಯ ಬರಲಿಲ್ಲ. ಜೋಡಿಯಲ್ಲಿ ಒಂದು ಇಳಿದರೆ ಇನ್ನೊಂದೂ ಇಳಿದಿರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಹಾಗೆಯೇ ಕಿತ್ತು ಪ್ಯಾಂಟಿನ ಜೇಬಿಗೆ ಹಾಕಿಕೊಂಡು, ತೇನಿಯ ಬಸ್ಸು ಹತ್ತಿದ.

ಆ ಜೇಬಿನಲ್ಲೇ ಮಾವನ ಮನೆಯ ಬೀಗದ ಕೈ ಗೊಂಚಲೂ ಇತ್ತು.

ಚಿನ್ನಮನೂರು ಬರುವ ಮೊದಲು ಬಸ್ಸು ಒಂದು ಹಳ್ಳ ಹಾರಿತು. ಜೇಬಿನೊಳಗೆ ಡಬ್ಬಿಯ ಎರಡು ಕಾಲಿಗೂ ಬೀಗದ ಕೈ ಒಟ್ಟಿಗೆ ತಗುಲಿತು. ‘ಪಟಾರ್’ ಎಂದ ಸದ್ದಿಗೆ ಪಕ್ಕದ ಸೀಟಿನವನ ಮಡಿಲಲ್ಲಿದ್ದ ಕೋಳಿ ಕಿಟಕಿಯಿಂದ ಇಳಿದುಹೋಯಿತು. ಪ್ರಭಾಕರನ್ ಕೂತಲ್ಲಿಂದ ನೇರ ಮೇಲೆದ್ದು ತಲೆಯನ್ನು ಸಾಮಾನಿನ ಕಂಬಿಗೆ ಬಡಿದುಕೊಂಡ. ಜೇಬಿನಿಂದ ಸಣ್ಣಗೆ ಹೊಗೆ ಬರುತ್ತಿತ್ತು.

ಕಂಡಕ್ಟರ್ ಸೀಟಿ ಊದಿದ. “ಜೇಬಲ್ಲಿ ಏನದು?” ಎಂದು ತಮಿಳಿನಲ್ಲಿ ಕೇಳಿದ.

“ಕಂಡೆನ್ಸರ್.”

“ಯಾರಿಗೆ?”

“ಮಾವನಿಗೆ.”

ಕಂಡಕ್ಟರ್ ಅವನನ್ನು ಮೇಲಿನಿಂದ ಕೆಳಗೆ ನೋಡಿದ. ಮಾವನಿಗೆ ಸಿಡಿಯುವ ವಸ್ತು ಒಯ್ಯುವ ಅಳಿಯನ ಜೊತೆ ಅವನಿಗೆ ಹೆಚ್ಚು ಮಾತು ಬೇಕಿರಲಿಲ್ಲ. “ಎರಂಗುಂಗ ಸಾರ್,” ಎಂದು ಬಾಗಿಲು ತೋರಿಸಿದ. ಕೋಳಿಯವನೂ ಇಳಿದ. ಇಬ್ಬರೂ ಬಾಳೆ ತೋಟದ ಅಂಚಿನಲ್ಲಿ ಆ ಕೋಳಿಯನ್ನು ಹುಡುಕಿ ಹಿಡಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಪ್ರಭಾಕರನ್ ಮುಂದಿನ ಬಸ್ಸಿಗೆ ಹತ್ತಿದ, ತೊಡೆಯ ಬಳಿ ಸುಟ್ಟ ತೂತನ್ನು ಅಂಗೈಯಿಂದ ಮುಚ್ಚಿಕೊಂಡು.

ತೇನಿಯಲ್ಲಿ ರೇಡಿಯೋ ಸಾಮಾನಿನ ಅಂಗಡಿ ನಡೆಸುತ್ತಿದ್ದವಳು ಸರಸು ಎಂಬ ಗಟ್ಟಿ ಹೆಂಗಸು. ಅವನು ತಮಿಳಿನಲ್ಲಿ ಕೇಳಿದ. ಅವಳು ಡಬ್ಬಿಗಳನ್ನು ಬೆಳಕಿಗೆ ಹಿಡಿದು, ಯಾರ ಪೆಟ್ಟಿಗೆ ಎಂದಳು. ಆಂಡಿಯ ಹೆಸರು ಕೇಳಿದ್ದೇ ತಡ, ಮನೆಮಾತು ಕನ್ನಡಕ್ಕೆ ಹೊರಳಿದಳು.

“ಮೈಕ್ ಸೆಟ್ ಆಂಡಿಯವ್ರದಾ? ನಮ್ಮವ್ರೇ ಅನ್ನು. ನನ್ ಮದ್ವೆಗೆ ಅವರ್ದೇ ಸೆಟ್ಟು. ಬಾಗ್ಲಲ್ಲಿ ನಿಂತು ಕೇಳೇ, ಯಾವ ಕುಳಾಯ್ ಸ್ಪೀಕರ್ ಯಾವ ಕಡೆ ತಿರುಗ್ಸಬೇಕು ಅಂತ ಏಳೋರು. ಅಂಥ ಕಿವಿ ಅವರ್ದು.” ಅವಳು ಮೂರು ಹೊಸ ಕಂಡೆನ್ಸರ್ ತೆಗೆದಿಟ್ಟಳು.

“ಎರಡೇ ಸಾಕು.”

“ನೀ ಇದಕ್ ಮುಂಚೆ ಆಕಿದೀಯಾ?”

“ಇಲ್ಲ.”

“ಹಂಗಾದ್ರೆ ಮೂರು.”

ಹಳೆಯ ಡಬ್ಬಿಗಳನ್ನು ಅವಳು ಹಿಂದೆ ನೋಡದೆ ಕಸದ ಬುಟ್ಟಿಗೆ ಎಸೆದಳು.

ಊರು ಮುಟ್ಟಿದಾಗ ಅವನು ಬರುವ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಬೀದಿಯ ಅರ್ಧ ಜನ ಮಾವನ ಜಗಲಿಯ ಮೇಲಿದ್ದರು. ಗೋವಿಂದಮ್ಮಾಳ್ ಬೆಳಗಿನ ಹೆದರಿಕೆ ಮರೆತು ಒಳಗೇ ಬಂದು, ಅವನ ಹೆಗಲ ಮೇಲಿಂದ ಬಗ್ಗಿ, ಯಾವ ತಂತಿ ಎಲ್ಲಿಗೆ ಎಂದು ಹೇಳುತ್ತಿದ್ದಳು. ಅವನು ಬೆವರು ಒರೆಸಿಕೊಳ್ಳುತ್ತಾ ಎರಡನ್ನೂ ಬೆಸೆದ. ಸ್ವಿಚ್ಚು ಒತ್ತಿದ.

ಮೊದಲು ಬುಸುಗುಟ್ಟಿತು. “ಆವು,” ಎಂದಳು ಗೋವಿಂದಮ್ಮಾಳ್. ಆಮೇಲೆ ಒಂದು ಡಬ್ಬಿ ದೀಪಾವಳಿಯ ಅಣುಬಾಂಬಿನಂತೆ ಸಿಡಿಯಿತು. ಬೆಳ್ಳಿ ಕಾಗದದ ಚೂರುಗಳು ಅಕ್ಷತೆಯ ಹಾಗೆ ಎಲ್ಲರ ಮೇಲೂ ಬಿದ್ದವು. ಉದ್ದನೆಯದೊಂದು ಸುರುಳಿ ಗೋವಿಂದಮ್ಮಾಳ್‌ಳ ಮುಡಿಯ ಮೇಲೆ ಮಲ್ಲಿಗೆ ದಂಡೆಯಂತೆ ಕೂತಿತು. ಕೊಳೆತ ಮೀನಿನ ವಾಸನೆ ನಡುಮನೆಯನ್ನು ತುಂಬಿತು. ಜಗಲಿ ಖಾಲಿಯಾಯಿತು.

ಪಾಳಿ ಮುಗಿಸಿ ಬಂದ ತಂಗವೇಲ್ ಇಣುಕಿ ನೋಡಿ ಹಣೆ ಚಚ್ಚಿಕೊಂಡ. “ತಿರುಗಾ ಮುರುಗಾ ಆಕಿದೀಯಲ್ಲ ಮಚ್ಚಾನ್. ಇಲ್ಲಿ ನೋಡು, ಈ ಬಿಳೀ ಗೆರೆ ಇರೋ ಕಾಲು ಮೈನಸ್. ಇನ್ನೊಂದು ಐತಾ?”

ಸರಸು ಒತ್ತಾಯದಿಂದ ಕೊಟ್ಟ ಮೂರನೆಯದು ಇತ್ತು. ಇಬ್ಬರೂ ಸೇರಿ ಸರಿಯಾಗಿ ಹಾಕಿದರು. ಜೆಯಂತಿ ನೆಲ ಗುಡಿಸಿ, ಸಾಂಬ್ರಾಣಿ ಹೊಗೆ ಹಾಕಿ ಮೀನಿನ ವಾಸನೆಯನ್ನು ಓಡಿಸಿದಳು. ಪ್ರಭಾಕರನ್ ಬಟ್ಟೆ ಸುತ್ತಿದ ಬೆರಳಿನಿಂದ, ಮುಖವನ್ನು ಆಚೆ ತಿರುಗಿಸಿ, ಸ್ವಿಚ್ಚು ಒತ್ತಿದ.

ಏನೂ ಆಗಲಿಲ್ಲ. ಗುಂಯ್ ಇಲ್ಲ, ಬುಸ್ ಇಲ್ಲ. ಕೆಂಪು ದೀಪ ಮಾತ್ರ ಉರಿಯುತ್ತಿತ್ತು.

“ಸತ್ತೇ ಓಯ್ತಾ?” ಎಂದಳು ಜೆಯಂತಿ.

ತಂಗವೇಲ್ ಕ್ಯಾಸೆಟ್ ಹಾಕಿದ. ಹಾಡು ಬಂತು. ಬೀದಿಯವರು ಒಬ್ಬೊಬ್ಬರಾಗಿ ಮತ್ತೆ ಜಗಲಿಗೆ ಬಂದರು. ಎಷ್ಟೋ ವರ್ಷದಿಂದ ಕೇಳಿದ ಅದೇ ಹಾಡು, ಆದರೆ ತೊಳೆದು ಒಣಗಿಸಿದ ಹಾಗಿತ್ತು. ಕೊಳಲಿನ ಹಿಂದೆ ಒಂದು ಗೆಜ್ಜೆಯಿದೆ ಎನ್ನುವುದು ಅವತ್ತೇ ಗೊತ್ತಾದದ್ದು. ಎರಡು ಸಾಲಿನ ನಡುವೆ ಹಾಡುವವಳು ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಗೋವಿಂದಮ್ಮಾಳ್ ಕೂಡ ಬಾಯಿ ಮುಚ್ಚಿ ಕೂತಳು. ಪ್ರಭಾಕರನ್‌ನ ಕಣ್ಣು ತುಂಬಿತು. ಸುಟ್ಟ ಜೇಬು, ಬುಗುಟೆದ್ದ ತಲೆ, ಎಲ್ಲವೂ ಸಾರ್ಥಕ ಎನಿಸಿತು. ಮಾವ ಏನು ಹೇಳಬಹುದು ಎಂದು ಯೋಚಿಸಿದ. ಅಳಿಯನನ್ನು ಕರೆಯುವ ಹಾಗೆ “ಮಾಪ್ಳೆ” ಎಂದು ಒಮ್ಮೆ ಕರೆದರೂ ಸಾಕು.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಮಾವ ಬಂದರು. ಜಗಲಿ ತುಂಬ ಜನ ನೋಡಿ ಕರುಪ್ಪಾಯಿಗೆ ಕಸಿವಿಸಿಯಾಯಿತು. ಆಂಡಿ ಯಾರನ್ನೂ ಮಾತಾಡಿಸಲಿಲ್ಲ. ಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿ, ದಿನದಂತೆ ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂತರು. ಸ್ವಿಚ್ಚು ಒತ್ತಿ, ಕ್ಯಾಸೆಟ್ ತಿರುಗಿಸಿ, ಬಲಗೈಯನ್ನು ಪೆಟ್ಟಿಗೆಯ ನೆತ್ತಿಯ ಮೇಲಿಟ್ಟು ಕಣ್ಣು ಮುಚ್ಚಿದರು.

ಹಾಡು ಶುರುವಾಯಿತು. ಎಲ್ಲರೂ ಹಾಡು ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದರು.

ಆಂಡಿ ಕಣ್ಣು ತೆರೆದರು. ಕೈ ತೆಗೆದು ಮತ್ತೆ ಇಟ್ಟರು. ಸ್ವಿಚ್ಚು ಆರಿಸಿ ಮತ್ತೆ ಹಾಕಿದರು. ಬಗ್ಗಿ ಕೆಂಪು ದೀಪ ನೋಡಿದರು.

“ಕರುಪ್ಪಾಯಿ,” ಎಂದು ಕರೆದರು. “ಇದು ಸತ್ತೋಗದೆ.”

ಹಾಡುವವಳು ಪಲ್ಲವಿಯನ್ನು ಎರಡನೆಯ ಸಲ ಎತ್ತಿಕೊಂಡಿದ್ದಳು. ಜಗಲಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೈಕ್ ಸೆಟ್ ಆಂಡಿ ಅಳಿಯನನ್ನು ಆಟ ಆಡಿಸುತ್ತಿದ್ದಾರೆ ಎಂದುಕೊಂಡರು.

“ದೀಪ ಉರೀತದೆ. ಉಸಿರಿಲ್ಲ,” ಎಂದರು ಆಂಡಿ. “ಮುಟ್ಟಿ ನೋಡು. ಉಸಿರೇ ಇಲ್ಲ.”

“ಅಪ್ಪ, ಪಾಡ್ತಾ ಐತಲ್ಲಪ್ಪ,” ಎಂದಳು ಜೆಯಂತಿ ಬಾಗಿಲಿನಿಂದ. ಅವರು ಅವಳ ಕಡೆ ತಿರುಗಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು, ಗಟ್ಟಿಯಾಗಿ. ಆಗಲೂ ತಿರುಗಲಿಲ್ಲ.

ನಗು ನಿಂತಿತು. ಹಾಡು ಮಾತ್ರ ನಿಲ್ಲಲಿಲ್ಲ. ಕರುಪ್ಪಾಯಿ ಹೋಗಿ ತಾನೇ ಸ್ವಿಚ್ಚು ಆರಿಸಿದಳು. ಆಮೇಲೆ ಸೆರಗಿನಿಂದ ಬಾಯಿ ಒತ್ತಿಕೊಂಡು ಅಳಿಯನ ಹತ್ತಿರ ಬಂದಳು.

“ಏನ್ ಮಾಡ್ದೆಯಪ್ಪ ನೀನು.”

“ಗುಂಯ್ ತೆಗೆದೆ ಅತ್ತೆ.”

“ಅದೊಂದೇ ಕಣಪ್ಪ ಅವ್ರಿಗೆ ಕೇಳ್ತಿದ್ದುದು.”

ಮೂರ್ನಾಲ್ಕು ವರ್ಷದಿಂದ ಹೀಗೆ, ಎಂದಳು ಕರುಪ್ಪಾಯಿ. ಮೊದಲು ಸಣ್ಣ ದನಿಗಳು ಹೋದವು, ಆಮೇಲೆ ಮಾತು, ಆಮೇಲೆ ಹಾಡು. ಹೋದ ಕಿವಿ ಇನ್ನು ಬರುವುದಿಲ್ಲ ಎಂದು ಮದುರೈ ಡಾಕ್ಟರು ಹೇಳಿಬಿಟ್ಟರು. ಯಾವುದೋ ಪುಣ್ಯ, ದಪ್ಪ ಸದ್ದೊಂದು ಉಳಿದಿತ್ತು. ಪೆಟ್ಟಿಗೆಯ ಗುಂಯ್ ಕೇಳಿಸಿದರೆ ಹಾಡು ನಡೆಯುತ್ತಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ಹಾಡು ಮನಸ್ಸಿನಲ್ಲೇ ಇತ್ತು, ಅದನ್ನು ಅವರು ತಾವೇ ಒಳಗೆ ಹಾಡಿಕೊಳ್ಳುತ್ತಿದ್ದರು. ಮೈಕ್ ಸೆಟ್ಟಿನವನಿಗೆ ಕಿವಿ ಇಲ್ಲ ಎಂದರೆ ನಾಲ್ಕು ಜನ ನಗುತ್ತಾರೆಂದು ಅವಳಿಂದ ಆಣೆ ಮಾಡಿಸಿಕೊಂಡಿದ್ದರು.

“ನನ್ ಹತ್ರ ಮಾತಾಡ್ತಾರಲ್ಲವ್ವ,” ಎಂದಳು ಜೆಯಂತಿ.

“ನೀ ಎದ್ರಿಗೆ ಕೂತು, ಕೈ ಆಡ್ಸಿ, ಬಾಯಿ ಬಿಟ್ಟು ಮಾತಾಡ್ತೀಯ. ನಿನ್ ತುಟಿ ನೋಡಿ ತಿಳ್ಕತಾರೆ.” ಕರುಪ್ಪಾಯಿ ಅಳಿಯನ ಕಡೆ ನೋಡಿದಳು. “ಇವ್ನು ಮರ್ಯಾದೆ ಅಂತ ತಲೆ ಬಗ್ಗಿಸ್ಕಂಡು ಆ ಮೀಸೆ ಒಳಗೇ ಗೊಣಗ್ತಾನೆ. ಅವ್ರಿಗೆ ಏನ್ ತಿಳೀತದೆ? ತಪ್ಪು ಉತ್ರ ಕೊಟ್ರೆ ಗುಟ್ಟು ಒಡೀತದೆ ಅಂತ ಇವ್ನ ಹತ್ರ ಮಾತೇ ಎತ್ತದಿಲ್ಲ.”

ಪ್ರಭಾಕರನ್ ಗೋಡೆಗೆ ಒರಗಿ ನಿಂತ. ಗೋಡೆ ನೋಡಿದ ಮಾವ, ತೆಂಗಿನ ಮರ ನೋಡಿದ ಮಾವ, ಪೊಂಗಲ್ ದಿನ ಅರ್ಧದಲ್ಲಿ ಎದ್ದುಹೋದ ಮಾವ, ಎಲ್ಲರೂ ಒಬ್ಬೊಬ್ಬರಾಗಿ ಅವನ ಮುಂದೆ ಬಂದು ಹೋದರು. ಆ ಮಾವಂದಿರನ್ನೆಲ್ಲ ಅವನು ಒಳಗೊಳಗೇ ಎಷ್ಟು ಬೈದಿದ್ದ. ಬಸ್ಸಿನಲ್ಲಿ, ಕಚೇರಿಯಲ್ಲಿ, ಊಟದ ಎಲೆಯ ಮುಂದೆ. ಒಂದು ಸಲವಾದರೂ ಎದುರಿಗೆ ಕೂತು ಮುಖ ಎತ್ತಿದ್ದರೆ ಸಾಕಿತ್ತು.

ಅವನು ಹೋಗಿ ಮಾವನ ಕುರ್ಚಿಯ ಮುಂದೆ ನೆಲದ ಮೇಲೆ ಕೂತ. ಮೀಸೆಯನ್ನು ಎರಡು ಬೆರಳಿನಿಂದ ಮೇಲೆತ್ತಿ ಹಿಡಿದು, ಒಂದೊಂದೇ ಅಕ್ಷರವನ್ನು ಅಗಿದು ಕೇಳಿದ.

“ಮಾವ. ನನ್ ಮೇಲೆ. ಕ್ವಾಪ ಇತ್ತಾ?”

ಆಂಡಿ ಅವನ ಬಾಯನ್ನೇ ನೋಡುತ್ತಿದ್ದರು. “ಕ್ವಾಪವಾ? ಯಾಕೆ?”

“ಅಮುದಾ ಕಿವಿ ಚುಚ್ಚಿದ್ ದಿನ. ಬೇರೆ ಸೆಟ್ ತಂದೆ.”

“ಅದಾ.” ಅವರು ತಮ್ಮ ಕಿವಿ ಮುಟ್ಟಿಕೊಂಡರು. “ಆವಾಗ್ಲೇ ನನ್ ಕಿವಿ ಓಗಿತ್ತು ಮಾಪ್ಳೆ. ಅಷ್ಟು ಜನದ ಮುಂದೆ ಮೈಕ್ ಕಟ್ಟು ಅಂದ್ರೆ ಏನ್ ಮಾಡದು ಅಂತ ನಿದ್ದೆ ಇರ್ಲಿಲ್ಲ. ನೀನು ಬೇರೆಯವ್ರನ್ನ ಕರ್ದೆ. ನನ್ ಮಾನ ಕಾಯಕೇ ಇಂಗೆ ಮಾಡ್ದ, ಇವನಿಗೆ ಗೊತ್ತಾಗಿ ಗೊತ್ತಿಲ್ದಂಗೆ ಇದಾನೆ ಅಂದ್ಕಂಡೆ. ಅವತ್ತಿಂದ ಈ ಮನೇಲಿ ನನಗೆ ನೀನೇ ತುಂಬಾ ಇಷ್ಟ. ಕರುಪ್ಪಾಯಿನ ಕೇಳು.”

ಕರುಪ್ಪಾಯಿ ತಲೆಯಾಡಿಸಿದಳು.

ಪ್ರಭಾಕರನ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ತಂಗವೇಲ್ ಮುಂದೆ ಬಂದು, ಸಣ್ಣ ಕಂಡೆನ್ಸರ್ ಹಾಕಿದರೆ ಗುಂಯ್ ಮತ್ತೆ ಬರುತ್ತದೆ, ನಾಳೆಯೇ ಹಾಕಿಬಿಡೋಣ ಎಂದ. ಜೆಯಂತಿ ಅದನ್ನು ಕೈಯಲ್ಲಿ, ತುಟಿಯಲ್ಲಿ ಅಪ್ಪನಿಗೆ ತಿಳಿಸಿದಳು.

ಆಂಡಿಯ ಕಣ್ಣು ಬಾಗಿಲ ಕಡೆ ಹೋಗಿತ್ತು. ಅಲ್ಲಿ ಬೀದಿಗೆ ಬೀದಿಯೇ ನಿಂತಿತ್ತು. ಗೋವಿಂದಮ್ಮಾಳ್ ಪಕ್ಕದವಳ ಕಿವಿಗೆ ಏನೋ ಹೇಳುತ್ತಿದ್ದಳು. ಆಂಡಿ ಅವಳ ತುಟಿಯನ್ನು ಕೊನೆಯವರೆಗೂ ಓದಿದರು. ಆಮೇಲೆ ಹಾಸಿಗೆಯ ಮೇಲಿದ್ದ ಬಟ್ಟೆಯನ್ನು ತಂದು ಪೆಟ್ಟಿಗೆಗೆ ಹೊದಿಸಿ, ನಾಲ್ಕು ಮೂಲೆಯನ್ನೂ ಎಳೆದು ಸರಿ ಮಾಡಿದರು.

“ಗುಂಯ್ ಬತ್ತದೆ,” ಎಂದರು. “ಅವ್ರಿಗೆಲ್ಲ ತಿಳಿದಿದ್ದು ಇಂದಕ್ ಓಯ್ತದಾ?”

ಆಮೇಲೆ ಅಳಿಯನ ಕಡೆ ತಿರುಗಿದರು.

“ಇಷ್ಟು ದಿನ ನಿನ್ ಮೇಲೆ ನನಗೆ ಒಂದ್ ಚೂರೂ ಕ್ವಾಪ ಇರ್ಲಿಲ್ಲ ಮಾಪ್ಳೆ,” ಎಂದರು ಆಂಡಿ. “ಇವತ್ತಿಂದ ನಿನ್ ಜೊತೆ ನನಗೆ ಮಾತಿಲ್ಲ.”

ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತರು.

ಪ್ರಭಾಕರನ್ ಆ ಬೆನ್ನಿನ ಹಿಂದೆ ನಿಂತು ಕ್ಷಮೆ ಕೇಳಿದ. ಈ ಸಲ ಗೊಣಗಲಿಲ್ಲ, ತಲೆ ಬಗ್ಗಿಸಲಿಲ್ಲ. ಗಂಟಲು ಹರಿಯುವ ಹಾಗೆ, ಬೀದಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದ.

ಬೀದಿಗೆಲ್ಲ ಕೇಳಿಸಿತು.